ಸಾತೊಡ್ಡಿ: ಅವ್ವನ ಮೊಣಕಾಲಿಗೂ ಒಗ್ಗಿದ ಜಲಪಾತ

ಉತ್ತರ ಕನ್ನಡ ಜಿಲ್ಲೆಯಲ್ಲಿ ಜಲಪಾತಗಳಿಗೆ ಬರವಿಲ್ಲ. ಸಿದ್ದಾಪುರದ ಕಡೆ ಉಂಚಳ್ಳಿ, ಬುರುಡೆ. ಶಿರಸಿ ಕಡೆ ಶಿವಗಂಗೆ, ಬೆಣ್ಣೆಹೊಳೆ. ಯಾಣಕ್ಕೆ ಹೋದರೆ ವಿಭೂತಿ. ಯಲ್ಲಾಪುರಕ್ಕೆ ಬಂದರೆ ಮಾಗೋಡು, ಸಾತೊಡ್ಡಿ. ಘಟ್ಟದ ಮೇಲಿನ ಹೊಳೆಗಳು ಅರಬ್ಬೀ ಸಮುದ್ರ ಸೇರಬೇಕೆಂದರೆ ಪಶ್ಚಿಮಕ್ಕೆ ಇಳಿಯಲೇಬೇಕು. ಇಳಿಯುವ ಕಡೆಯೆಲ್ಲ ಒಂದೊಂದು ಅಬ್ಬಿ. ಆದರೆ ಇವುಗಳಲ್ಲಿ ಹೆಸರಾದ ಎಷ್ಟನ್ನೋ ನಾವು ನೋಡುವುದು ದೂರದಿಂದ, ಕಣಿವೆಯ ಈಚೆ ಬದಿ ಕಂಬಿ ಹಿಡಿದು ನಿಂತು. ಬುಡಕ್ಕೆ ಹೋಗಬೇಕೆಂದರೆ ಮೆಟ್ಟಿಲು ಇಳಿಯಬೇಕು, ಆಮೇಲೆ ಏದುಸಿರು ಬಿಡುತ್ತಾ ಅಷ್ಟನ್ನೂ ಹತ್ತಬೇಕು. ವಯಸ್ಸಾದವರು, ಮೊಣಕಾಲು ನೋವಿನವರು "ನೀವು ಹೋಗಿಬನ್ನಿ, ನಾವು ಇಲ್ಲೇ ಇರ್ತೇವೆ" ಅಂತ ಕಾರಿನಲ್ಲೇ ಉಳಿದುಬಿಡುತ್ತಾರೆ.

ನಮ್ಮವ್ವ ಈಚಿನ ವರ್ಷಗಳಲ್ಲಿ ಎಲ್ಲಿಗೆ ಹೋದರೂ ಹೀಗೇ ಉಳಿಯುತ್ತಿದ್ದಳು. ಹಾಗಾಗಿ ಈ ಸಲ ಮೊದಲು ದಾರಿ ನೋಡಿದೆವು, ಜಾಗವನ್ನು ಆಮೇಲೆ ಆರಿಸಿದೆವು. ನಡಿಗೆ ಒಂದು ಕಿಲೋಮೀಟರಿನೊಳಗೆ ಇರಬೇಕು, ಕಡಿದಾದ ಇಳಿಜಾರು ಇರಬಾರದು, ಕೊನೆಗೆ ನೀರಿನ ಹತ್ತಿರವೇ ಕೂರುವಂತಿರಬೇಕು. ಹೀಗೆ ಹುಡುಕಿದಾಗ ಸಾತೊಡ್ಡಿ ಸಿಕ್ಕಿತು. ಹುಬ್ಬಳ್ಳಿಯಿಂದ ಹೊರಟವರು ನಾನು, ನಮ್ಮ ಮನೆಯವರು, ನಾಲ್ಕನೇ ಕ್ಲಾಸಿನ ಮಗಳು ಮತ್ತು ಅವ್ವ. ಡಿಸೆಂಬರಿನ ಮೊದಲ ವಾರ. ಮಳೆ ನಿಂತು, ಹೊಳೆಯಲ್ಲಿ ನೀರು ಇನ್ನೂ ಚೆನ್ನಾಗಿದ್ದು, ದಾರಿ ಒಣಗಿರುವ ಕಾಲ.

ಮೊದಲ ದಿನ: ಮಾಗೋಡು ಮತ್ತು ಜೇನುಕಲ್ಲು ಗುಡ್ಡ

ಹುಬ್ಬಳ್ಳಿಯಿಂದ ಯಲ್ಲಾಪುರ ಸುಮಾರು 70 ಕಿಲೋಮೀಟರ್. ಅಂಕೋಲಾ ಹೆದ್ದಾರಿ, ಲಾರಿಗಳ ಓಡಾಟ ಜಾಸ್ತಿ. ಕಲಘಟಗಿಯವರೆಗೂ ನಮ್ಮ ಕಡೆಯದೇ ಬಯಲು. ಆ ಊರು ಬಂತೆಂದರೆ ಅವ್ವನಿಗೆ ತೊಟ್ಟಿಲ ನೆನಪು. ಬಣ್ಣ ಬಳಿದು ಚಿತ್ರ ಬಿಡಿಸಿದ ಕಲಘಟಗಿ ತೊಟ್ಟಿಲಿಗೆ ಉತ್ತರ ಕರ್ನಾಟಕದಲ್ಲೆಲ್ಲ ಹೆಸರಿದೆ. ನಮ್ಮ ಮನೆಯಲ್ಲಿದ್ದದ್ದೂ ಅದೇ. ಆ ತೊಟ್ಟಿಲಲ್ಲಿ ಯಾರ್ಯಾರು ಮಲಗಿದ್ದರು ಎಂಬ ಕಥೆ ಮುಗಿಯುವಷ್ಟರಲ್ಲಿ ಕಿರವತ್ತಿ ಬಂದಿತ್ತು. ಅಲ್ಲಿಂದ ತೇಗದ ಕಾಡು ಶುರು. ಕಿಟಕಿ ಇಳಿಸಿದರೆ ಗಾಳಿಯೇ ಬೇರೆ.

ಯಲ್ಲಾಪುರದಲ್ಲಿ ಊಟ ಮುಗಿಸಿ ಕವಡಿಕೆರೆಗೆ ಹೋದೆವು. ದೊಡ್ಡ ಕೆರೆ, ದಡದಲ್ಲಿ ದುರ್ಗೆಯ ಗುಡಿ, ಸುತ್ತ ಕಾಡು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬೆಳಕಿರುವಾಗಲೇ ಮಾಗೋಡು ನೋಡಬೇಕಿತ್ತು.

ಮಾಗೋಡಿನಲ್ಲಿ ಬೀಳುವುದು ಬೇಡ್ತಿ ನದಿ. ಎರಡು ಹಂತದಲ್ಲಿ, ಸುಮಾರು 200 ಮೀಟರ್ ಆಳಕ್ಕೆ ಬೀಳುತ್ತದೆ. ಕಾರು ನಿಲ್ಲಿಸಿ ಸ್ವಲ್ಪ ನಡೆದರೆ ನೋಡುವ ಕಟ್ಟೆ. ಅಲ್ಲಿ ನಿಂತರೆ ಎದುರಿಗೆ ಕಣಿವೆ. ಕಣಿವೆಯ ಆಚೆ ಬಂಡೆ ಸೀಳಿಕೊಂಡು ಬಿಳಿ ನೀರು. ಇಷ್ಟು ದೂರಕ್ಕೂ ಅದರ ಸದ್ದು ಕೇಳುತ್ತಿತ್ತು. ನೀರು ಎಲ್ಲಿ ಮುಟ್ಟುತ್ತದೆ ಅನ್ನುವುದು ಮಾತ್ರ ಕಾಣುವುದಿಲ್ಲ, ಅಷ್ಟು ಆಳ. ಮಗಳು ಕಂಬಿಗೆ ಗಲ್ಲ ಊರಿ ಬಹಳ ಹೊತ್ತು ನೋಡಿದಳು.

ಈ ನೀರಿಗೂ ನಮಗೂ ನಂಟಿದೆ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಕಲಘಟಗಿ ಸೀಮೆಯಲ್ಲಿ ಬೇಡ್ತಿಯನ್ನು ಸೇರುತ್ತದೆ. ಆ ಬೇಡ್ತಿ ಹೀಗೆ ಮಾಗೋಡಿನಲ್ಲಿ ಧುಮುಕಿ, ಮುಂದೆ ಗಂಗಾವಳಿ ಎಂಬ ಹೆಸರು ಪಡೆದು ಅಂಕೋಲಾ ತಾಲ್ಲೂಕಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಅವ್ವನಿಗೆ ಇದನ್ನು ಹೇಳಿದೆ.

"ಅಂದ್ರ ನಮ್ಮ ಸೋಮೇಶ್ವರನ ನೀರು ಇಲ್ಲಿತನಕ ಬರತದ ಅನ್ನು" ಅಂದಳು. ಕೈ ಎತ್ತಿ ಮುಗಿದಳು. ಸ್ವಲ್ಪ ಹೊತ್ತಿನ ಮೇಲೆ, "ಇಷ್ಟು ದೊಡ್ಡದು, ಆದ್ರ ಮುಟ್ಟಾಕ ಬರಂಗಿಲ್ಲಲ್ಲ" ಅಂದಳು.

ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ಮಾಡುವ ಯೋಜನೆ 1980ರ ಸುಮಾರಿಗೆ ದೊಡ್ಡ ಸುದ್ದಿಯಾಗಿತ್ತು. ತೋಟ, ಕಾಡು ಮುಳುಗುತ್ತವೆ ಎಂದು ಈ ಸೀಮೆಯ ರೈತರು ಎದ್ದು ನಿಂತರು. ಬರೀ ಘೋಷಣೆ ಕೂಗಲಿಲ್ಲ. ವಿಜ್ಞಾನಿಗಳನ್ನು ಕರೆಸಿ ಕೂರಿಸಿಕೊಂಡು ಲಾಭ-ನಷ್ಟದ ಲೆಕ್ಕ ಹಾಕಿಸಿದರು. ಯೋಜನೆ ನಿಂತಿತು. ಈಗ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಮಾತು ಬಂದಿದೆ, ಅದಕ್ಕೂ ಇಲ್ಲಿ ವಿರೋಧವಿದೆ. ನಮ್ಮ ಬಯಲುಸೀಮೆಗೆ ನೀರು ಬೇಕು, ಅದು ನಿಜ. ಬೇಸಿಗೆಯಲ್ಲಿ ಕೊಡ ಹಿಡಿದು ನಲ್ಲಿ ಕಾದವಳು ನಾನು. ಆದರೂ ಆ ಕಟ್ಟೆಯ ಮೇಲೆ ನಿಂತು ಎದುರಿನ ಕಣಿವೆ ನೋಡಿದ ಮೇಲೆ, ಈ ಹೊಳೆ ಹೀಗೇ ಹರಿಯಲಿ ಅಂತಲೇ ನನಗೆ ಅನಿಸಿತು.

ಸೂರ್ಯಾಸ್ತಕ್ಕೆ ಜೇನುಕಲ್ಲು ಗುಡ್ಡ. ಮಾಗೋಡಿಗೆ ಹೋದವರು ಇದನ್ನು ಬಿಡಬಾರದು. ಕೆಳಗೆ ಬೇಡ್ತಿ ಬಳುಕಿಕೊಂಡು ಹೋಗುವುದು ಕಾಣುತ್ತದೆ. ಅದರಾಚೆ ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೊಂದು. ಬಿಸಿಲು ಇಳಿದಂತೆ ಒಂದೊಂದರ ಬಣ್ಣವೂ ಬದಲಾಗುತ್ತಿತ್ತು.

ರಾತ್ರಿ ಉಳಿದದ್ದು ಅಡಿಕೆ ತೋಟದ ನಡುವಿನ ಒಂದು ಹವ್ಯಕರ ಮನೆಯಲ್ಲಿ. ಒಳಗೆ ಕಾಲಿಡುವ ಮೊದಲೇ "ಬನ್ನಿ ಬನ್ನಿ, ಆಸರಿಗೆ ಎಂತ ಬೇಕು?" ಎಂಬ ಮಾತು. ಬೆಲ್ಲ ಹಾಕಿದ ಕಷಾಯ ಬಂತು. ಊಟಕ್ಕೆ ಒಂದೆಲಗದ ತಂಬುಳಿ, ಉಪ್ಪಿನಲ್ಲಿಟ್ಟ ಅಪ್ಪೆಮಿಡಿಯ ಅಪ್ಪೆಹುಳಿ, ಬಾಳೆಕಾಯಿ ಪಲ್ಯ, ಗಟ್ಟಿ ಮೊಸರು. ರೊಟ್ಟಿ ಇಲ್ಲದೆ ಊಟ ಇಳಿಯುವುದಿಲ್ಲ ಅನ್ನುವ ಅವ್ವ ಅನ್ನವನ್ನು ಎರಡು ಸಲ ಹಾಕಿಸಿಕೊಂಡಳು.

ಸಾತೊಡ್ಡಿ ದಾರಿ ಹೇಗಿದೆ, ಅವ್ವ ನಡೆಯಬಹುದಾ ಅಂತ ಯಜಮಾನರನ್ನು ಕೇಳಿದೆವು. ಅವರು ಅವ್ವ ಕೂತಿದ್ದ ರೀತಿ, ಎದ್ದ ರೀತಿ ಎರಡನ್ನೂ ನೋಡಿದರು. "ಅಡ್ಡಿಲ್ಲ, ಅಮ್ಮನ್ನ ಕರ್ಕೊಂಡೇ ಹೋಗಿ. ಮಳೆಗಾಲ ಆಗಿದ್ರೆ ಬೇಡ ಅಂತಿದ್ದೆ, ಉಂಬಳ ಕಾಟ, ಕಲ್ಲೆಲ್ಲ ಜಾರ್ತದೆ. ಈಗ ಎಂತ ತೊಂದರೆ ಇಲ್ಲ. ಒಂದು ಕೋಲು ಕೊಡ್ತೆ" ಅಂದರು. ಬೆಳಿಗ್ಗೆ ಮರೆಯದೆ ಕೋಲು ತಂದುಕೊಟ್ಟರು. ಹಿಡಿಯುವಲ್ಲಿ ನುಣ್ಣಗೆ ಸವೆದ ಬಿದಿರಿನ ಕೋಲು.

ಎರಡನೆಯ ದಿನ: ಸಾತೊಡ್ಡಿ

ಬೆಳಿಗ್ಗೆ ತೆಳ್ಳೇವು, ಜೋನಿ ಬೆಲ್ಲ, ತುಪ್ಪ ತಿಂದು ಬೇಗ ಹೊರಟೆವು. ಶನಿವಾರ, ಭಾನುವಾರ ಹನ್ನೊಂದು ಗಂಟೆ ಆಗುತ್ತಿದ್ದಂತೆ ಜನ ಬರತೊಡಗುತ್ತಾರೆ ಅಂತ ನಾವು ಉಳಿದಿದ್ದ ಮನೆಯವರು ಹೇಳಿದ್ದರು. ಯಲ್ಲಾಪುರದಿಂದ ಸಾತೊಡ್ಡಿ ಸುಮಾರು 32 ಕಿಲೋಮೀಟರ್. ಹೇಳಲು ಇಷ್ಟೇ ಆದರೂ ಕಾಡಿನ ರಸ್ತೆ, ತಿರುವು ಜಾಸ್ತಿ. ಒಂದು ಗಂಟೆಗಿಂತ ಹೆಚ್ಚೇ ಇಟ್ಟುಕೊಳ್ಳಬೇಕು. ಕೊನೆಕೊನೆಗೆ ರಸ್ತೆ ಕಿರಿದಾಗುತ್ತದೆ, ಎದುರಿಗೆ ವಾಹನ ಬಂದರೆ ಒಬ್ಬರು ಹಿಂದೆ ಸರಿಯಬೇಕು. ದೊಡ್ಡ ಬಸ್ಸಿನಲ್ಲಿ ಬರುವ ಯೋಚನೆ ಬೇಡ. ಯಲ್ಲಾಪುರ ಬಿಟ್ಟ ಮೇಲೆ ಫೋನಿಗೆ ಸಿಗ್ನಲ್ ಇಲ್ಲವಾಗುತ್ತಾ ಹೋಗುತ್ತದೆ, ದಾರಿಯನ್ನು ಮೊದಲೇ ಕೇಳಿ ತಿಳಿದುಕೊಂಡಿರಬೇಕು. ಪೆಟ್ರೋಲನ್ನೂ ಪೇಟೆಯಲ್ಲೇ ಹಾಕಿಸಿಕೊಳ್ಳಿ.

ದಾರಿಯುದ್ದಕ್ಕೂ ಅಡಿಕೆ ಕೊಯ್ಲು ನಡೆದಿತ್ತು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಒಂದು ಮರದ ತುದಿಯಲ್ಲಿ ಕೂತು, ಅಲ್ಲಿಂದಲೇ ತೂಗಿ ಪಕ್ಕದ ಮರ ಹಿಡಿದ. ಕೆಳಗೆ ಇಳಿಯಲೇ ಇಲ್ಲ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿಕೊಂಡು ಬಂತು, ಕೆಳಗಿದ್ದವನು ಅದನ್ನು ಒಂದು ಕಾಯೂ ಉದುರದಂತೆ ಹಿಡಿದ. ಕಾರು ನಿಲ್ಲಿಸಿ ನೋಡಿದೆವು. ಮಗಳಿಗೆ ಜಲಪಾತವೇ ಮರೆತುಹೋಗಿತ್ತು.

ಕಾರು ನಿಲ್ಲಿಸುವ ಜಾಗದಲ್ಲಿ ಪ್ರವೇಶ ಚೀಟಿ ತೆಗೆದುಕೊಂಡೆವು. ಅಲ್ಲಿಂದ ನಡಿಗೆ. ಒಂದು ಕಿಲೋಮೀಟರಿನೊಳಗಿನ ದಾರಿ. ಗಟ್ಟಿಮುಟ್ಟಾದವರು ಹತ್ತು-ಹದಿನೈದು ನಿಮಿಷದಲ್ಲಿ ಮುಟ್ಟಬಹುದು. ನಾವು ಅವ್ವನ ಹೆಜ್ಜೆಗೆ ಹೆಜ್ಜೆ ಹಾಕಿದೆವು. ಅವಸರ ಮಾಡದೆ ಹೋದದ್ದಕ್ಕೇ ಆ ದಾರಿ ನಮಗೆ ಇಷ್ಟು ಚೆನ್ನಾಗಿ ಕಂಡಿತು ಅಂತ ನನ್ನ ನಂಬಿಕೆ.

ಕಾಲುದಾರಿ ಹೆಚ್ಚುಕಡಿಮೆ ಮಟ್ಟಸವಾಗಿದೆ. ಒಂದು ಬದಿ ಗುಡ್ಡ, ಇನ್ನೊಂದು ಬದಿ ಕೆಳಗೆ ನೀರು. ಮರಗಳ ಸಂದಿಯಲ್ಲಿ ಹಸಿರು ನೀರು ತುಣುಕು ತುಣುಕಾಗಿ ಕಾಣುತ್ತದೆ. ಅದು ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರು. ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುವ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಒಂದರ ಕೆಳಗೊಂದು ಅಣೆಕಟ್ಟುಗಳಿವೆ. ಸಾತೊಡ್ಡಿಯಲ್ಲಿ ಬಿದ್ದ ನೀರು ಸ್ವಲ್ಪ ದೂರ ಹರಿದು ಈ ಹಿನ್ನೀರಿಗೇ ಕೂಡುತ್ತದೆ. ನಮ್ಮ ಮನೆಯ ದೀಪಕ್ಕೆ ಬರುವ ಕರೆಂಟಿನಲ್ಲಿ ಕಾಳಿಯ ಪಾಲೂ ಇದೆ. ಅದಕ್ಕಾಗಿ ಈ ಕಣಿವೆಯಲ್ಲಿ ಮನೆ, ತೋಟ ಬಿಟ್ಟು ಎದ್ದು ಹೋದವರಿದ್ದಾರೆ. ಈ ಸೀಮೆಯಲ್ಲಿ 'ಮುಳುಗಡೆ' ಅಂದರೆ ಸಾಕು, ಹಳಬರ ಮಾತು ನಿಧಾನವಾಗುತ್ತದೆ. ಆ ಹಸಿರು ನೀರು ನೋಡಲು ತಂಪಾಗಿತ್ತು. ಅದರ ಅಡಿಯಲ್ಲಿ ಯಾರದೋ ಅಂಗಳ ಇರಬಹುದು ಅನ್ನುವುದೂ ನನ್ನ ಮನಸ್ಸಿನಲ್ಲಿತ್ತು.

ದಾರಿಗೆ ನೆರಳು ಚೆನ್ನಾಗಿದೆ. ಮತ್ತಿ, ನಂದಿ, ಮುರುಗಲು, ಅಲ್ಲಲ್ಲಿ ಬೈನೆ ಮರದ ಜಡೆ, ಬಿದಿರು ಮೆಳೆ. ನಂದಿ ಮರದ ತೊಗಟೆ ಎಷ್ಟು ಬೆಳ್ಳಗೆ, ನುಣ್ಣಗೆ ಇರುತ್ತದೆಂದರೆ ಅವ್ವ ಹಾದುಹೋಗುವಾಗ ಒಂದೊಂದಕ್ಕೂ ಅಂಗೈ ಇಟ್ಟು ನೋಡಿದಳು. ಮತ್ತಿಯ ತೊಗಟೆ ಅದಕ್ಕೆ ತದ್ವಿರುದ್ಧ, ಒಡೆದು ಚೌಕ ಚೌಕವಾಗಿ ಮೊಸಳೆ ಚರ್ಮ. ಮೇಲೆ ಎಲೆ ಅಲುಗಿತು. ತಲೆ ಎತ್ತಿದರೆ ಕೆಂಜಳಿಲು. ಕಂದು, ಕೆನೆ ಬಣ್ಣದ ಮೈ, ಮೈಗಿಂತ ಉದ್ದದ ಬಾಲ. ಕೊಂಬೆಯ ಮೇಲೆ ಬಾಲ ಇಳಿಬಿಟ್ಟುಕೊಂಡು ಏನನ್ನೋ ಸುಲಿದು ತಿನ್ನುತ್ತಿತ್ತು, ಸಿಪ್ಪೆ ನಮ್ಮ ಮುಂದೆಯೇ ಬೀಳುತ್ತಿತ್ತು. ಹುಬ್ಬಳ್ಳಿಯ ಅಳಿಲು ಮಾತ್ರ ನೋಡಿದ್ದ ಮಗಳು "ಇದು ಬೆಕ್ಕಿನಷ್ಟು ಐತಿ ಅಜ್ಜೀ!" ಅಂತ ಪಿಸುಗುಟ್ಟಿದಳು.

ಅವ್ವ ಎರಡು ಕಡೆ ಕೂತಳು. ಮೊದಲ ಸಲ ದಣಿವಿಗೆ. ಎರಡನೆಯ ಸಲ ದಣಿವಾಗಿರಲಿಲ್ಲ, ಒಂದು ಹಕ್ಕಿ ಶಿಳ್ಳೆ ಹಾಕುತ್ತಿತ್ತು. ಮನುಷ್ಯರು ಸುಮ್ನೆ ಏನೋ ಗುನುಗುತ್ತಾ ಹೋಗುತ್ತಾರಲ್ಲ, ಥೇಟ್ ಹಾಗೆ, ರಾಗ ತಪ್ಪಿಸಿ ಮತ್ತೆ ಹಿಡಿದು. ಮಲೆನಾಡಿನ ತೊರೆಗಳ ಬಳಿ ಇರುವ ನೀಲಿ-ಕಪ್ಪು ಬಣ್ಣದ ಶಿಳ್ಳೆಗಾರ ಹಕ್ಕಿ ಅದು. "ಯಾರೋ ಹುಡುಗರು ಬರಾಕತ್ತಾರ" ಅಂತಲೇ ಅವ್ವ ಅಂದುಕೊಂಡಿದ್ದಳು. ಯಾರೂ ಬರಲಿಲ್ಲ. ಹಕ್ಕಿ ಅಂತ ಗೊತ್ತಾದ ಮೇಲೆ ಅದು ಸುಮ್ಮನಾಗುವವರೆಗೂ ಏಳಲಿಲ್ಲ.

ಕೊನೆಯ ತುಸು ದೂರದಲ್ಲಿ ಕಲ್ಲು, ಬೇರು, ಒಂದಿಷ್ಟು ಮೆಟ್ಟಿಲು. ಇಲ್ಲಿ ಮಾತ್ರ ನಮ್ಮ ಮನೆಯವರು ಮುಂದೆ ನಿಂತು ಕೈ ಕೊಟ್ಟರು. "ನೀವು ಮುಂದ ನಡೀರಿ, ನಾ ಬರತೀನಿ" ಅಂತ ಅವ್ವ ಅಳಿಯನಿಗೆ ಹೇಳುತ್ತಲೇ ಕೈ ಹಿಡಿದಳು. ಸದ್ದು ಆಗಲೇ ದೊಡ್ಡದಾಗಿತ್ತು. ತಿರುವು ದಾಟಿದೆವು.

ಮಾಗೋಡಿನ ಎದುರು ಇದು ಗಿಡ್ಡ ಜಲಪಾತ, ಎತ್ತರ ಸುಮಾರು 15 ಮೀಟರ್. ಆದರೆ ಅಗಲವಿದೆ. ಬಂಡೆಯ ಗೋಡೆ ಚೌಕಾಕಾರ, ಅದರ ಮೇಲಂಚಿನ ಉದ್ದಕ್ಕೂ ನೀರು ಇಳಿಯುತ್ತದೆ. ಕಲ್ಲರಮನೆ ಘಟ್ಟದ ಕಡೆಯಿಂದ ಬರುವ ಹಳ್ಳಗಳು ಸೇರಿ ಇಲ್ಲಿ ಬೀಳುತ್ತವೆ. ಬಂಡೆ ಒಂದೇ ನುಣುಪಾಗಿಲ್ಲ, ಪದರ ಪದರವಾಗಿದೆ. ಹಾಗಾಗಿ ನೀರು ಒಂದೇ ಸಲಕ್ಕೆ ಬೀಳದೆ, ಪ್ರತಿ ಪದರಕ್ಕೂ ತಾಗಿ, ಒಡೆದು, ಮತ್ತೆ ಇಳಿಯುತ್ತದೆ. ಮಗ್ಗಕ್ಕೆ ಹೂಡಿದ ಹಾಸುದಾರದ ಹಾಗೆ ಸಾವಿರ ಎಳೆ. ಎಳೆಗಳ ನಡುವೆ ಕಪ್ಪು ಕಲ್ಲು, ಅದಕ್ಕೆ ಅಂಟಿದ ಹಾವಸೆಯ ಹಸಿರು ಎರಡೂ ಕಾಣುತ್ತಿದ್ದವು. ಬಿಸಿಲು ಮರಗಳನ್ನು ದಾಟಿ ಒಂದು ಮೂಲೆಗೆ ಬಿದ್ದಿತ್ತು, ಆ ಮೂಲೆಯಲ್ಲಿ ಮಾತ್ರ ತುಂತುರು ಹೊಳೆಯುತ್ತಿತ್ತು.

ಅವ್ವ ನಿಂತೇ ಇದ್ದಳು. ಏನೂ ಹೇಳಲಿಲ್ಲ. ಆಮೇಲೆ ಚಪ್ಪಲಿ ಬಿಟ್ಟು, ಕೋಲು ಊರಿ, ಹಳ್ಳದ ಅಂಚಿನ ಒಂದು ಚಪ್ಪಟೆ ಬಂಡೆಯ ಮೇಲೆ ಕೂತು ಎರಡೂ ಕಾಲನ್ನು ನೀರಿಗೆ ಬಿಟ್ಟಳು. "ಅಯ್ಯ, ಎಷ್ಟು ಥಂಡಿ!" ಎಂಬ ಕೂಗು ಜಲಪಾತದ ಸದ್ದಿನ ಮೇಲೆ ಕೇಳಿತು.

ಅಲ್ಲಿ ನೀರು ಮೊಣಕಾಲಿಗೂ ಇಲ್ಲ. ತಳದ ಕಲ್ಲು, ಮರಳು ಎಲ್ಲ ಕಾಣುತ್ತದೆ. ಸ್ವಲ್ಪ ಹೊತ್ತು ಅಲುಗದೆ ಕೂತರೆ ಸಣ್ಣ ಮೀನುಗಳು ಬರುತ್ತವೆ. ಮೊದಲು ಒಂದು ಬಂತು, ಹಿಮ್ಮಡಿಯ ಹತ್ತಿರ ನಿಂತಿತು, ಹೋಯಿತು. ಆಮೇಲೆ ಐದಾರು. ಅವ್ವನ ಹಿಮ್ಮಡಿ ಒಡೆದಿದೆ, ಚಳಿಗಾಲಕ್ಕೆ ಇನ್ನೂ ಜಾಸ್ತಿ. ಮೀನು ಆ ಬಿರುಕುಗಳಿಗೇ ಬಾಯಿ ಹಾಕುತ್ತಿದ್ದವು. ಕಚಗುಳಿಗೆ ಅವ್ವ ಕಾಲು ಎಳೆದುಕೊಳ್ಳುವಳು, ಮೀನು ಚೆದುರುವವು, ಮತ್ತೆ ಬಿಡುವಳು. ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತಿದ್ದಳು. ನೀರಿನ ಮೇಲೆ ಉದ್ದ ಕಾಲಿನ ಹುಳಗಳು ಜಾರಾಡುತ್ತಿದ್ದವು. ಹುಳ ಸಣ್ಣದು, ತಳದ ಮರಳಿನ ಮೇಲೆ ಅದರ ನೆರಳು ಮಾತ್ರ ದೊಡ್ಡದು, ಒಂದೊಂದು ಕಾಲಿಗೂ ಒಂದೊಂದು ದುಂಡು ನೆರಳು. ಮಗಳು ಆ ನೆರಳುಗಳನ್ನೇ ಹಿಡಿಯಲು ಹೊರಟಳು. ಕೆಂಪು ಏರೋಪ್ಲೇನ್ ಚಿಟ್ಟೆ ಒಂದು ಅವ್ವನ ಕೋಲಿನ ತುದಿಗೆ ಬಂದು ಕೂತು, ಹಾರಿ, ಮತ್ತೆ ಅಲ್ಲಿಗೇ ಬರುತ್ತಿತ್ತು.

ಅವ್ವ ಸೊಂಟದಿಂದ ಸಂಚಿ ತೆಗೆದಳು. ಅದರಲ್ಲಿ ಅರಿಶಿಣ ಕುಂಕುಮದ ಸಣ್ಣ ಡಬ್ಬಿ ಇತ್ತು. ಹೊಸ ನೀರು ಕಂಡಲ್ಲಿ ಗಂಗವ್ವನಿಗೆ ಅರಿಶಿಣ ಕುಂಕುಮ ಏರಿಸುವುದು ನಮ್ಮ ಕಡೆ ಹೆಣ್ಣುಮಕ್ಕಳ ಪದ್ಧತಿ. ಚಿಟಿಕೆಯಷ್ಟೇ ತೆಗೆದು ಬಂಡೆಗೆ ಹಚ್ಚಿದಳು. ಹೂವು, ಊದುಬತ್ತಿ, ಕಾಯಿ ಏನೂ ತಂದಿರಲಿಲ್ಲ. "ಇಲ್ಲಿ ಹೊಲಸು ಮಾಡಬಾರದವ್ವ, ಆಕಿ ಜಗಾ ಇದು" ಅಂದಳು. ಆಮೇಲೆ ಬೊಗಸೆಯಲ್ಲಿ ನೀರು ತೆಗೆದು ಮೊಣಕಾಲಿಗೆ ಹಾಕಿಕೊಂಡಳು. ಹಿಂದಿನ ದಿನ ಮಾಗೋಡಿನ ಕಟ್ಟೆಯ ಮೇಲೆ ಮುಟ್ಟಲಾಗದ್ದನ್ನು ಇವತ್ತು ಮುಟ್ಟಿದ್ದಳು. ಎತ್ತರ, ಆಳ, ರಭಸ ಎಲ್ಲದರಲ್ಲೂ ಮಾಗೋಡೇ ದೊಡ್ಡದು. ಆದರೆ ನನ್ನ ಮಟ್ಟಿಗೆ ಈ ಪ್ರವಾಸದ ಜಲಪಾತ ಸಾತೊಡ್ಡಿ. ಕಾಲು ಬಿಟ್ಟು ಕೂರಲು ಬಿಡುವ ಜಲಪಾತ.

ಹತ್ತಿರ ಹೋಗಬಹುದು ಅಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಇಳಿಯಬಹುದು ಅಂತಲ್ಲ. ನೀರು ಬೀಳುವ ಬುಡದಲ್ಲಿ ಮಡುವಿದೆ, ಆಳವಿದೆ. ಮೇಲಿನಿಂದ ನೋಡಿದರೆ ಅದು ತಿಳಿಯುವುದಿಲ್ಲ. ಹಾವಸೆ ಕಟ್ಟಿದ ಬಂಡೆ ಒಣಗಿದಂತೆ ಕಂಡರೂ ಜಾರುತ್ತದೆ. ಈಜು ಬರುತ್ತದೆ ಎಂಬ ಧೈರ್ಯದಲ್ಲಿ ಮಡುವಿಗೆ ಇಳಿಯುವುದು ಬೇಡವೇ ಬೇಡ, ಏನಾದರೂ ಆದರೆ ಆಸ್ಪತ್ರೆಗೆ ಗಂಟೆಗಟ್ಟಲೆ ದಾರಿ, ಫೋನೂ ಇಲ್ಲ. ಮಳೆಗಾಲದಲ್ಲಿ ಘಟ್ಟದ ಮೇಲೆ ಮಳೆ ಹೊಯ್ದರೆ ಕೆಳಗೆ ಬಿಸಿಲಿದ್ದರೂ ಹಳ್ಳ ಒಮ್ಮೆಲೇ ಏರುತ್ತದೆ. ಆ ಕಾಲದಲ್ಲಿ ಹೋಗುವವರು ಊರವರನ್ನು ಕೇಳಿಯೇ ಹೊರಡಬೇಕು. ವಯಸ್ಸಾದವರ ಜೊತೆ ಹೋಗುವುದಾದರೆ ಅಕ್ಟೋಬರ್ ಕೊನೆಯಿಂದ ಜನವರಿ ಒಳ್ಳೆಯದು. ಆಮೇಲೂ ಹೋಗಬಹುದು, ನೀರು ಕಡಿಮೆಯಾಗುತ್ತಾ ಬರುತ್ತದೆ.

ಹನ್ನೊಂದರ ಸುಮಾರಿಗೆ ಜನ ಬರತೊಡಗಿದರು. ಒಂದು ಗುಂಪು ಸ್ಪೀಕರ್ ಹಿಡಿದುಕೊಂಡು ಬಂತು. ಅಷ್ಟು ಹೊತ್ತು ನಮ್ಮ ಕಿವಿ ತುಂಬಿದ್ದ ನೀರಿನ ಸದ್ದಿನ ಮೇಲೆ ಹಾಡು ಬಿತ್ತು. ಚಿಪ್ಸ್ ಪೊಟ್ಟಣಗಳು ತೆರೆದವು. ಒಂದು ಪೊಟ್ಟಣ ನೀರಿನಲ್ಲಿ ತೇಲಿಕೊಂಡು ಅವ್ವನ ಕಾಲಿನ ಹತ್ತಿರ ಬಂತು. ಅವ್ವ ಕೋಲಿನಿಂದ ಅದನ್ನು ಎಳೆದುಕೊಂಡು, ಕೊಡವಿ, ಮಡಚಿ ನನ್ನ ಬ್ಯಾಗಿಗೆ ಹಾಕಿದಳು. ಆ ಹುಡುಗರಲ್ಲಿ ಒಬ್ಬ ನೋಡಿದ. ಎದ್ದು ಬಂದು "ಸಾರಿ ಅಜ್ಜಿ" ಅಂದ. "ಸಾರಿ ಇರಲಿ, ಆ ಹಾಡು ಒಂದೀಟು ಬಂದ್ ಮಾಡಪ, ನೀರು ಎಷ್ಟು ಚಂದ ಹಾಡತದ" ಅಂದಳು. ಹಾಡು ನಿಂತಿತು. ಮುಂದೆ ಎಷ್ಟು ಹೊತ್ತು ನಿಂತಿತ್ತೋ, ನಾವಿರುವಷ್ಟು ಹೊತ್ತು ನಿಂತಿತ್ತು.

ಇಂಥ ಜಾಗಗಳ ಕಷ್ಟವೇ ಇದು. ಸುಲಭವಾಗಿ ಸಿಗುತ್ತವೆ, ಅಷ್ಟೇ ಸುಲಭವಾಗಿ ಕೆಡುತ್ತವೆ. ದಾರಿ ಕಠಿಣವಾದ ಜಲಪಾತವನ್ನು ಆ ದಾರಿಯೇ ಕಾಯುತ್ತದೆ. ಸಾತೊಡ್ಡಿಯನ್ನು ನಾವೇ ಕಾಯಬೇಕು. ಕೆಲವರು ಜಲಪಾತದವರೆಗೂ ಕಾಂಕ್ರೀಟ್ ಹಾಕಿ ವಾಹನ ಬಿಡಬೇಕು ಅನ್ನುತ್ತಾರೆ, ವಯಸ್ಸಾದವರ ಹೆಸರನ್ನೂ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಾರು ಬುಡಕ್ಕೇ ಬಂದಿದ್ದರೆ ಕೆಂಜಳಿಲೂ ಇಲ್ಲ, ಶಿಳ್ಳೆಯೂ ಇಲ್ಲ. ಹಿಡಿಯಲು ಒಂದು ಕಂಬಿ, ಅಲ್ಲಲ್ಲಿ ಕೂರಲು ಒಂದು ಕಲ್ಲು ಬೆಂಚು, ಜೊತೆಗೆ ನಿಧಾನವಾಗಿ ನಡೆಯುವ ಮನೆಮಂದಿ. ವಯಸ್ಸಾದವರಿಗೆ ಬೇಕಾದದ್ದು ಇಷ್ಟೇ.

ಮಧ್ಯಾಹ್ನ ವಾಪಸು ಬರುವಾಗ ಅವ್ವ ದಾರಿಯಲ್ಲಿ ಒಮ್ಮೆ ಮಾತ್ರ ಕೂತಳು.

ಸಂಜೆ ಮನೆಯ ಅಂಗಳದಲ್ಲಿ ಅಡಿಕೆ ಸುಲಿತ. ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮೇಲೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಕಾಯಿ ಕತ್ತಿಗೆ ತಾಗಿಸಿ ಒಂದು ತಿರುವು, ಸಿಪ್ಪೆ ಬೇರೆ, ಅಡಿಕೆ ಬೇರೆ. ಸುಲಿದದ್ದನ್ನು ಚೊಗರು ಹಾಕಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಸುಲಿಯುವವರಲ್ಲಿ ಒಬ್ಬರು ಸಿದ್ದಿ ಜನಾಂಗದವರು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ ಈ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡುಗಳಲ್ಲಿ ನೆಲೆಸಿದೆ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ನಮ್ಮವ್ವನ ಹಾಗೆ ಅವರೂ ಹಳೇ ಬಟ್ಟೆಯ ಕೌದಿ ಹೊಲಿಯುತ್ತಾರೆ. ಅವ್ವನಿಗೆ ಅಷ್ಟು ಸಾಕಾಯಿತು. ನಿಮ್ಮಲ್ಲಿ ಅಂಚಿಗೆ ಎಂಥ ಬಟ್ಟೆ, ಮೂಲೆ ಹೇಗೆ ಮುಚ್ಚುತ್ತೀರಿ, ಹಳೇ ಸೀರೆ ಎಷ್ಟು ಬೇಕು, ಹೀಗೆ ಕತ್ತಲಾಗುವವರೆಗೂ ಇಬ್ಬರದೂ ಅದೇ ಮಾತು.

ಮೂರನೆಯ ದಿನ: ಸಹಸ್ರಲಿಂಗ, ಶಿರಸಿ

ಹಿಂದಿರುಗುವಾಗ ಬಂದ ದಾರಿ ಬಿಟ್ಟು ಶಿರಸಿ ಕಡೆ ತಿರುಗಿದೆವು. ಶಿರಸಿಗೆ ಸ್ವಲ್ಪ ಮೊದಲು ಸಹಸ್ರಲಿಂಗ. ಕಾಡಿನ ನಡುವೆ ಹರಿಯುವ ಹೊಳೆಯಲ್ಲಿ ಬಂಡೆ ಬಂಡೆಗೂ ಲಿಂಗ ಕೆತ್ತಿದ್ದಾರೆ, ಕೆಲವಕ್ಕೆ ಎದುರಿಗೆ ಬಸವಣ್ಣ. ಸೋದೆಯ ಅರಸ ಸದಾಶಿವರಾಯ ಕೆತ್ತಿಸಿದ್ದು, ಅವನ ಆಳ್ವಿಕೆಯ ಕಾಲ 1678ರಿಂದ 1718. ಈ ಹೊಳೆಯ ಹೆಸರೂ ಶಾಲ್ಮಲೆ. ಧಾರವಾಡದ ಶಾಲ್ಮಲೆಯೇ ಬೇರೆ, ಇದು ಬೇರೆ, ಎರಡೂ ಸೇರುವುದು ಬೇಡ್ತಿಯನ್ನೇ. ಶಿವರಾತ್ರಿಗೆ ಇಲ್ಲಿ ಜನಸಾಗರ. ನಾವು ಹೋದಾಗ ಹೆಚ್ಚು ಜನ ಇರಲಿಲ್ಲ. ಇಲ್ಲಿ ಮೆಟ್ಟಿಲು ಇಳಿಯಬೇಕು. ಅವ್ವ ಕೆಳಗೆ ಬರಲಿಲ್ಲ, ಮೇಲೆ ಮರದ ಬುಡದಲ್ಲಿ ಕೂತಳು. ಬೇಸರವೇನೂ ಇರಲಿಲ್ಲ.

ಶಿರಸಿಯಲ್ಲಿ ಮಾರಿಕಾಂಬೆಯ ದರ್ಶನ, ಪೇಟೆಯಲ್ಲಿ ತೊಡೆದೇವು ಖರೀದಿ. ಮಡಕೆಯನ್ನು ಕವುಚಿ ಹಾಕಿ ಬಿಸಿ ಮಾಡಿ, ಅಕ್ಕಿ ಮತ್ತು ಕಬ್ಬಿನ ಹಾಲಿನ ತೆಳು ಹಿಟ್ಟನ್ನು ಅದರ ಬೆನ್ನಿಗೆ ಬಟ್ಟೆ ಸುತ್ತಿದ ಕೋಲಿನಿಂದ ಸವರಿ ಎಬ್ಬಿಸುವ ತಿಂಡಿ ಅದು. ಕಾಗದಕ್ಕಿಂತ ತೆಳು. ಬಾಯಿಗಿಟ್ಟರೆ ಕರಗುತ್ತದೆ. ಮನೆಗೆ ಪುಡಿಯಾಗದೆ ತಲುಪಿಸುವುದು ಮಾತ್ರ ಕಷ್ಟ, ತೊಡೆಯ ಮೇಲಿಟ್ಟುಕೊಂಡೇ ಕೂರಬೇಕು.

ಶಿರಸಿ ಬಿಡುತ್ತಿದ್ದಂತೆ ಅವ್ವ ಗದಗಿನ ತನ್ನ ತಂಗಿಗೆ ಫೋನ್ ಹಚ್ಚಿದಳು. ಅವಳಿಗೂ ಮೊಣಕಾಲು ನೋವು. "ಏ, ನಾ ನೀರಾಗ ಕಾಲು ಬಿಟ್ಟು ಕುಂತಿದ್ದೆ ನೋಡು. ಮೆಟ್ಟಿಲಾ ಭಾಳ ಇಲ್ಲ, ಏನಿಲ್ಲ. ದಾರಿ ಸಮಾ ಐತಿ. ಕೋಲೊಂದು ತಗೊಂಡ ಬಾ. ಆಮ್ಯಾಗ ಅಳಿಯಂದಿರಿಗೆ ಹೇಳು, ಅವಸರ ಮಾಡಬ್ಯಾಡರಿ ಅಂತ." ಆ ಕಡೆಯಿಂದ ಏನೋ ಪ್ರಶ್ನೆ ಬಂತು. "ಇಲ್ಲವಾ, ಬ್ಯಾಸಿಗಿಗೆ ಅಲ್ಲ. ಸಂಕ್ರಮಣ ಮುಗೀತಂದ್ರ ಹೊರಡ್ರಿ. ತಡಾ ಮಾಡಿದ್ರ ನೀರು ಕಡಿಮಿ ಆಗತದ."